200 ಅಡಿಯಲ್ಲಿ 16 ಸೆಕೆಂಡ್: ಕೆಳಗೆ ಹಾರುವ ಲಘು ವಿಮಾನಗಳು ಬೀಳುವ ಬಗೆ

2017ರಲ್ಲಿ, ಆರು ತಿಂಗಳ ಅಂತರದಲ್ಲಿ, ಒಂದೇ ಮಾದರಿಯ ಎರಡು ಪುಟ್ಟ ವಿಮಾನಗಳು ಬಿದ್ದವು. ಎರಡೂ ಐಕಾನ್ ಎ5. ಇಬ್ಬರು ಕೂರಬಹುದಾದ, ನೀರಿನ ಮೇಲೂ ರನ್‌ವೇ ಮೇಲೂ ಇಳಿಯಬಲ್ಲ, ರೆಕ್ಕೆ ಮಡಚಿ ಟ್ರೇಲರ್ ಮೇಲೆ ಎಳೆದೊಯ್ಯಬಹುದಾದ ವಿಮಾನ ಅದು. ಬೆನ್ನ ಹಿಂದೆ 100 ಅಶ್ವಶಕ್ತಿಯ ರೋಟ್ಯಾಕ್ಸ್ ಇಂಜಿನ್. ಮೋಜಿಗಾಗಿ ಹಾರುವವರನ್ನೇ ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು.

ಮೊದಲನೆಯದು ಮೇ 8ರಂದು, ಕ್ಯಾಲಿಫೋರ್ನಿಯಾದ ಬೆರ್ರಿಯೆಸಾ ಸರೋವರದಲ್ಲಿ. ನೀರಿನ ಮೇಲೆ ತಗ್ಗಿ ಬಂದ ವಿಮಾನ, ಮುಂದೆ ನೆಲ ಏರುತ್ತ ಹೋಗಿ ಮುಚ್ಚಿಕೊಳ್ಳುವ ಒಂದು ಕಣಿವೆಯೊಳಗೆ ಹೊಕ್ಕಿತು. ಇಂಜಿನ್ ಸದ್ದು ಜೋರಾಯಿತು, ವಿಮಾನ ಎಡಕ್ಕೆ ತಿರುಗಿತು, ಗುಡ್ಡಕ್ಕೆ ಬಡಿಯಿತು. ಒಳಗಿದ್ದ ಇಬ್ಬರೂ ಆ ವಿಮಾನವನ್ನು ತಯಾರಿಸಿದ ಕಂಪನಿಯವರೇ, ಇಬ್ಬರೂ ಉಳಿಯಲಿಲ್ಲ. ಎರಡನೆಯದು ನವೆಂಬರ್ 7ರಂದು, ಫ್ಲೋರಿಡಾ ತೀರಕ್ಕೆ ಹತ್ತಿರ, ಮೆಕ್ಸಿಕೋ ಕೊಲ್ಲಿಯಲ್ಲಿ. ನಿವೃತ್ತ ಬೇಸ್‌ಬಾಲ್ ಆಟಗಾರ ರಾಯ್ ಹ್ಯಾಲಡೇ ಒಬ್ಬರೇ ಇದ್ದರು. ನೀರಿಗೆ ತೀರಾ ಹತ್ತಿರದಲ್ಲಿ ಕಡಿದಾಗಿ ಏರುವುದು, ಕಡಿದಾಗಿ ತಿರುಗುವುದು, ಮತ್ತೆ ತಗ್ಗುವುದು, ಹೀಗೆ ನಡೆದಿತ್ತು. ವಿಮಾನದ ಮೇಲೆ ಗುರುತ್ವದ ಸುಮಾರು ಎರಡು ಪಟ್ಟು ಭಾರ ಬೀಳುವಂಥ ತಿರುವುಗಳು. ಕೊನೆಯ ಏರಿಕೆಯಲ್ಲಿ ವೇಗ ಕಳೆದುಕೊಂಡು ಮೂಗು ಕೆಳಗಾಗಿ ನೀರಿಗೆ ಬಿತ್ತು. ಅಮೆರಿಕದ ಅಪಘಾತ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ 2020ರಲ್ಲಿ ಕೊಟ್ಟ ಅಂತಿಮ ವರದಿ, ಕೆಳಮಟ್ಟದಲ್ಲಿ ಉಗ್ರವಾಗಿ ಹಾರಿಸುವ ತಪ್ಪು ನಿರ್ಧಾರವನ್ನೂ ಅದರ ಹಿಂದಿದ್ದ ಔಷಧಗಳ ಪರಿಣಾಮವನ್ನೂ ಕಾರಣವಾಗಿ ಹೇಳಿತು.

ಎರಡರಲ್ಲೂ ಯಂತ್ರದೋಷ ಕಂಡುಬರಲಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಈ ವಿಮಾನದಲ್ಲಿ ಇದ್ದ ರಕ್ಷಣೆಗಳು. ಸ್ಪಿನ್‌ಗೆ, ಅಂದರೆ ಬುಗುರಿಯಂತೆ ಸುತ್ತುತ್ತ ಕೆಳಗಿಳಿಯುವ ಸ್ಥಿತಿಗೆ, ಸುಲಭವಾಗಿ ಬೀಳದಂತೆ ರೆಕ್ಕೆಯ ವಿನ್ಯಾಸ. ರೆಕ್ಕೆಗೆ ಗಾಳಿ ಯಾವ ಕೋನದಲ್ಲಿ ಎದುರಾಗುತ್ತಿದೆ ಎಂದು ಪೈಲಟ್‌ನ ಕಣ್ಣೆದುರೇ ತೋರಿಸುವ ದೊಡ್ಡ ಮಾಪಕ. ಇಡೀ ವಿಮಾನವನ್ನೇ ಹೊತ್ತು ಇಳಿಸುವ ಪ್ಯಾರಾಶೂಟ್ ವ್ಯವಸ್ಥೆ. ಇದಕ್ಕಿಂತ ಹೆಚ್ಚು ಎಚ್ಚರಿಕೆಯಿಂದ ಮಾಡಿದ ಮೋಜಿನ ವಿಮಾನ ಆ ಹೊತ್ತಿಗೆ ಇರಲಿಲ್ಲ ಎಂದೇ ನನ್ನ ಅನಿಸಿಕೆ. ಆದರೆ ಈ ಮೂರೂ ಕೆಲಸ ಮಾಡಬೇಕಾದರೆ ಕೆಳಗೆ ಒಂದಷ್ಟು ಗಾಳಿ, ಅಂದರೆ ಎತ್ತರ, ಇರಬೇಕು. ಅದು ಇಲ್ಲದ ಕಡೆ ಏನಾಗುತ್ತದೆ ಎಂಬುದನ್ನು ಅಡಿ, ಸೆಕೆಂಡ್, ನಾಟ್‌ಗಳ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಲೆಕ್ಕದಲ್ಲೇ ನೋಡಬೇಕು. ಮಾತಿನಲ್ಲಿ ಹೇಳಿದರೆ ಇದು ಯಾರಿಗೂ ನಾಟುವುದಿಲ್ಲ.

ಕೊನೆಯ ಏರಿಕೆಯಿಂದಲೇ ಶುರು ಮಾಡೋಣ. 90 ನಾಟ್ ವೇಗದಲ್ಲಿ ನೀರಿನ ಮೇಲೆ ಹೋಗುತ್ತಿರುವ ವಿಮಾನದ ಸ್ಟಿಕ್ (ಎಳೆದರೆ ಮೂಗು ಏರುವ, ಒತ್ತಿದರೆ ಇಳಿಯುವ ಹಿಡಿಕೆ) ಎಳೆದು, ವೇಗವನ್ನು 60 ನಾಟ್‌ಗೆ ಇಳಿಯಲು ಬಿಟ್ಟರೆ ಎಷ್ಟು ಎತ್ತರ ಸಿಗುತ್ತದೆ? ಚಲನಶಕ್ತಿಯನ್ನೆಲ್ಲ ಎತ್ತರಕ್ಕೆ ಬದಲಿಸಿದರೆ ಸುಮಾರು 200 ಅಡಿ. ಇಂಜಿನ್ ಅದಕ್ಕೆ ಸ್ವಲ್ಪ ಸೇರಿಸುತ್ತದೆ, ಗಾಳಿಯ ಎಳೆತ ಸ್ವಲ್ಪ ಕಳೆಯುತ್ತದೆ. ಒಟ್ಟಿನಲ್ಲಿ ಮೇಲೆ ತಲುಪಿದಾಗ ಪೈಲಟ್ ಕೈಯಲ್ಲಿರುವುದು ಇನ್ನೂರು ಚಿಲ್ಲರೆ ಅಡಿ ಮತ್ತು 60 ನಾಟ್. ಅಲ್ಲಿ ಆತ ವಿಮಾನವನ್ನು ವಾಲಿಸುತ್ತಾನೆ.

ವಿಮಾನ ಹಾರಿಸದವರಿಗಾಗಿ ಒಂದು ಮಾತು. ಇಲ್ಲಿ ಸ್ಟಾಲ್ ಅಂದರೆ ರೆಕ್ಕೆಯ ಸಂಗತಿ, ಇಂಜಿನ್‌ಗೂ ಅದಕ್ಕೂ ಸಂಬಂಧವಿಲ್ಲ. ರೆಕ್ಕೆಗೆ ಗಾಳಿ ಎದುರಾಗುವ ಕೋನ ಸುಮಾರು 15ರಿಂದ 18 ಡಿಗ್ರಿ ದಾಟಿದರೆ, ರೆಕ್ಕೆಯ ಮೇಲ್ಮೈಗೆ ಅಂಟಿಕೊಂಡು ಹರಿಯುತ್ತಿದ್ದ ಗಾಳಿ ಕಿತ್ತುಕೊಂಡು ಸುಳಿಯಾಗುತ್ತದೆ, ಲಿಫ್ಟ್, ಅಂದರೆ ಮೇಲೆತ್ತುವ ಬಲ, ಕುಸಿಯುತ್ತದೆ. ಕೈಪಿಡಿಯಲ್ಲಿ ಬರೆದಿರುವ ಸ್ಟಾಲ್ ವೇಗ ನೇರವಾಗಿ, ಮಟ್ಟವಾಗಿ ಹಾರುವಾಗಿನದು ಮಾತ್ರ. ತಿರುವಿನಲ್ಲಿ ಎತ್ತರ ಬಿಡದೆ ಹೋಗಬೇಕಾದರೆ ರೆಕ್ಕೆ ಹೆಚ್ಚು ಭಾರ ಹೊರಬೇಕು, ಆಗ ಅದು ಹೆಚ್ಚು ವೇಗದಲ್ಲೇ ಸ್ಟಾಲ್ ಆಗುತ್ತದೆ. ನೇರ ಹಾರಾಟದಲ್ಲಿ 45 ನಾಟ್‌ಗೆ ಸ್ಟಾಲ್ ಆಗುವ ವಿಮಾನ 30 ಡಿಗ್ರಿ ವಾಲಿದಾಗ 48ಕ್ಕೆ, 45 ಡಿಗ್ರಿಗೆ 53ರ ಆಸುಪಾಸಿನಲ್ಲಿ, 60 ಡಿಗ್ರಿಗೆ 64ಕ್ಕೆ ಸ್ಟಾಲ್ ಆಗುತ್ತದೆ. 30ರ ತನಕ ಏರಿಕೆ ಅಷ್ಟಕ್ಕಷ್ಟೆ, 45 ದಾಟಿದ ಮೇಲೆ ದಿಢೀರನೆ ಏರುತ್ತದೆ ಎಂಬುದನ್ನು ಗಮನಿಸಿ. ನಮ್ಮ ಪೈಲಟ್ 60 ನಾಟ್‌ನಲ್ಲಿ 60 ಡಿಗ್ರಿ ವಾಲಿಸಿ ಮಟ್ಟ ಹಿಡಿಯಲು ಎಳೆದಿದ್ದಾನೆ. ಅವನ ರೆಕ್ಕೆಗೆ 64 ಬೇಕಿತ್ತು.

ಸ್ಟಾಲ್ ಎಚ್ಚರಿಕೆಯ ಹಾರ್ನ್ ಇರುತ್ತದಲ್ಲ ಎನ್ನಬಹುದು. ನಿಧಾನವಾಗಿ ವೇಗ ಇಳಿಸುತ್ತ ಕಲಿಸುವ ಸ್ಟಾಲ್‌ನಲ್ಲಿ ಹಾರ್ನ್ 5ರಿಂದ 10 ನಾಟ್ ಮೊದಲೇ ಕೂಗುತ್ತದೆ, ಯೋಚಿಸಲು ಹಲವು ಸೆಕೆಂಡ್ ಸಿಗುತ್ತವೆ. ಸ್ಟಿಕ್ ಜಗ್ಗಿ ಎಳೆದಾಗ ಗಾಳಿಯ ಕೋನ ಒಂದೇ ಏಟಿಗೆ ಏರುವುದರಿಂದ ಹಾರ್ನ್ ಮತ್ತು ಸ್ಟಾಲ್ ಬಹುತೇಕ ಒಟ್ಟಿಗೇ ಬರುತ್ತವೆ.

ಹಾಗಾದರೆ ಏರ್‌ಶೋಗಳಲ್ಲಿ, ಹೊಲಕ್ಕೆ ಔಷಧಿ ಸಿಂಪಡಿಸುವ ವಿಮಾನಗಳಲ್ಲಿ, ಏರಿ ತಿರುಗಿ ಮತ್ತೆ ಇಳಿಯುವುದನ್ನು ದಿನವೂ ಮಾಡುತ್ತಾರಲ್ಲ? ಮಾಡುತ್ತಾರೆ, ಮತ್ತು ಗುಟ್ಟು ಇರುವುದು ಕೈಯಲ್ಲಿ. ಮೇಲೆ ತಲುಪಿದಾಗ ಅವರು ಎಳೆತ ಬಿಡುತ್ತಾರೆ. ಮೂಗು ತಾನಾಗಿ ದಿಗಂತದ ಕೆಳಗೆ ಜಾರಲು ಬಿಟ್ಟು, ರೆಕ್ಕೆಯ ಮೇಲಿನ ಭಾರ ಗುರುತ್ವದ ಒಂದು ಪಟ್ಟಿಗಿಂತಲೂ ಕಡಿಮೆ ಇರುವಾಗ ವಿಮಾನವನ್ನು ವಾಲಿಸುತ್ತಾರೆ. ಭಾರ ಇಲ್ಲದ ರೆಕ್ಕೆ 60 ಡಿಗ್ರಿ ವಾಲಿದರೂ 45 ನಾಟ್‌ನೊಳಗೇ ಹಾರುತ್ತದೆ. ಎಷ್ಟು ವಾಲಿದೆ ಎಂಬುದು ಸ್ಟಾಲ್ ತರುವುದಿಲ್ಲ, ಎಷ್ಟು ಎಳೆದಿದ್ದೀರಿ ಎಂಬುದು ತರುತ್ತದೆ. ಇದು 3,000 ಅಡಿಯಲ್ಲಿ ಸುಲಭ. 200 ಅಡಿಯಲ್ಲಿ ಮುಂಗಾಜಿನ ತುಂಬ ನೀರು ಕಾಣುತ್ತಿರುವಾಗ ಕೈ ತಾನಾಗಿ ಎಳೆಯುತ್ತದೆ. ಎಳೆಯಬೇಡ ಎಂದು ತಿಳಿದಿರುವ ಕೈಯೂ ಎಳೆಯುತ್ತದೆ. ಈ ಬಗೆಯ ಅಪಘಾತದ ತಿರುಳು ಇಲ್ಲೇ ಇದೆ, ಅದಕ್ಕೇ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ.

ಸ್ಟಾಲ್ ಆದ ಮೇಲೆ ಬೇಕಾಗುವ ಎತ್ತರ ನೋಡಿ. ರೆಕ್ಕೆಗಳು ಮಟ್ಟವಾಗಿದ್ದು, ಪೈಲಟ್ ಕಾಯ್ದುಕೊಂಡೇ ಇದ್ದರೆ, ತರಬೇತಿ ವಿಮಾನ 100–200 ಅಡಿ ಕಳೆದುಕೊಂಡು ಚೇತರಿಸಿಕೊಳ್ಳುತ್ತದೆ. ಅನಿರೀಕ್ಷಿತವಾಗಿ, ಒಂದು ರೆಕ್ಕೆ ಮುರಿದು ಬಿದ್ದಂತೆ ಉರುಳಿದರೆ ಅದು ಎರಡು ಮೂರು ಪಟ್ಟಾಗುತ್ತದೆ. ಸ್ಪಿನ್‌ಗೆ ಹೋದರೆ, ಒಂದು ಸುತ್ತು ಮತ್ತು ಚೇತರಿಕೆ ಸೇರಿ ಸಾಮಾನ್ಯ ತರಬೇತಿ ವಿಮಾನಕ್ಕೆ 1,000 ಅಡಿಯ ಹತ್ತಿರ ಬೇಕು. ಥ್ರಾಟಲ್ ಹಿಂದಕ್ಕೆ, ಎಲೆರಾನ್ (ವಿಮಾನವನ್ನು ವಾಲಿಸುವ ರೆಕ್ಕೆಯ ಪಟ್ಟಿ) ನಡುವಿಗೆ, ತಿರುಗುವ ದಿಕ್ಕಿಗೆ ವಿರುದ್ಧವಾಗಿ ಪೂರ್ತಿ ರಡರ್ (ಮೂಗನ್ನು ಎಡಬಲಕ್ಕೆ ತಿರುಗಿಸುವ, ಕಾಲಿನಿಂದ ಒತ್ತುವ ಬಾಲದ ಪಟ್ಟಿ), ಸ್ಟಿಕ್ ಮುಂದಕ್ಕೆ ಎಂಬ ನಾಲ್ಕು ಹೆಜ್ಜೆ ಎಲ್ಲರಿಗೂ ಬಾಯಿಪಾಠ. 200 ಅಡಿಯಲ್ಲಿ ಮೊದಲ ಹೆಜ್ಜೆಗೇ ಸಮಯವಿಲ್ಲ.

ಇದೇ ಸ್ಟಾಲ್ ಇನ್ನೊಂದು ವೇಷದಲ್ಲಿ, ಬಹಳ ಸೌಮ್ಯವಾಗಿ ಬರುತ್ತದೆ. ಅಲಾಸ್ಕಾದ ಪೈಲಟ್‌ಗಳು ಅದಕ್ಕೆ ಮೂಸ್ ಸ್ಟಾಲ್ ಎನ್ನುತ್ತಾರೆ. ಕೆಳಗೆ ಮೂಸ್ ಎಂಬ ದೊಡ್ಡ ಜಿಂಕೆಯೊಂದು ಕಂಡಿತು, ಪಕ್ಕದವರಿಗೆ ತೋರಿಸಲು ಅದರ ಸುತ್ತ ತಿರುಗತೊಡಗಿದರು. ಕಣ್ಣು ಕೆಳಗೆ, ರೆಕ್ಕೆಯ ತುದಿಯ ಮೇಲೆ. ಪ್ರಾಣಿ ರೆಕ್ಕೆಯ ಮರೆಗೆ ಸರಿಯುತ್ತದೆ, ಅದನ್ನು ಮತ್ತೆ ಕಾಣಲು ಸ್ವಲ್ಪ ಹೆಚ್ಚು ವಾಲಿಸುತ್ತಾರೆ, ಒಳಬದಿಯ ರಡರ್ ಸ್ವಲ್ಪ ಒತ್ತುತ್ತಾರೆ. ರಡರ್‌ನಿಂದ ಮೂಗು ಕೆಳಗಾಗುತ್ತದೆ, ಅದನ್ನು ಎತ್ತಲು ಸ್ಟಿಕ್ ಎಳೆಯುತ್ತಾರೆ. ವಾಲು ಇನ್ನೂ ಹೆಚ್ಚಾಗುತ್ತದೆ, ಅದನ್ನು ತಡೆಯಲು ಎಲೆರಾನ್ ವಿರುದ್ಧ ದಿಕ್ಕಿಗೆ. ಈಗ ಕೈ ಒಂದು ಕಡೆ, ಕಾಲು ಇನ್ನೊಂದು ಕಡೆ, ಸ್ಟಿಕ್ ಹೊಟ್ಟೆಯ ಹತ್ತಿರ. ಸ್ಪಿನ್ ಹಾಕಲು ಪಾಠ ಹೇಳಿದಂತೆಯೇ ಎಲ್ಲವೂ ಸಿದ್ಧ. ಒಳಗಿನ ರೆಕ್ಕೆ ಮೊದಲು ಸ್ಟಾಲ್ ಆಗಿ ವಿಮಾನ ತಿರುವಿನ ಒಳಬದಿಗೆ ಮಗುಚುತ್ತದೆ. ಮೂಸ್ ಇರಬೇಕೆಂದಿಲ್ಲ. ಸ್ನೇಹಿತರ ಮನೆ, ದೋಣಿ, ಕೈ ಬೀಸುತ್ತಿರುವ ಮಕ್ಕಳು, ಏನಾದರೂ ಸಾಕು.

ಇದಕ್ಕೆ ಗಾಳಿ ಸೇರಿದರೆ ಕಣ್ಣು ಇನ್ನಷ್ಟು ಮೋಸ ಹೋಗುತ್ತದೆ. 60 ನಾಟ್‌ನಲ್ಲಿ ಹಾರುವಾಗ 15 ನಾಟ್ ಗಾಳಿಗೆ ಎದುರಾದರೆ ನೆಲ 45 ನಾಟ್‌ನಲ್ಲಿ ಸರಿಯುತ್ತದೆ, ಗಾಳಿಯ ಜೊತೆ ಹೋದರೆ 75ರಲ್ಲಿ. 3,000 ಅಡಿಯಲ್ಲಿ ಈ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ, 200 ಅಡಿಯಲ್ಲಿ ರಾಚುತ್ತದೆ. ಗಾಳಿಯ ಜೊತೆ ತಿರುಗಿದ ಪೈಲಟ್‌ಗೆ ಅತಿ ವೇಗ ಹೋಗುತ್ತಿರುವಂತೆ ಕಂಡು ಥ್ರಾಟಲ್ ಹಿಂದೆಳೆಯುತ್ತಾನೆ, ರೆಕ್ಕೆಗೆ ಬೇಕಾದಷ್ಟೇ ಇದ್ದ ವೇಗ ಇನ್ನೂ ಇಳಿಯುತ್ತದೆ. ಜೊತೆಗೆ, ಎದುರುಗಾಳಿಯಿಂದ ಹಿಂಗಾಳಿಯ ಕಡೆಗೆ ತಿರುಗುವಾಗ ವಿಮಾನ ನೆಲದ ಲೆಕ್ಕದಲ್ಲಿ ತಿರುವಿನ ಒಳಕ್ಕೆ ಜಾರುತ್ತಿರುವಂತೆ ಕಾಣುತ್ತದೆ. ಅದನ್ನು ಸರಿಪಡಿಸಲು ಕಾಲು ಒಳಬದಿಯ ರಡರ್ ಒತ್ತುತ್ತದೆ. ಮೇಲೆ ಹೇಳಿದ ಅಡ್ಡ ಕೈಕಾಲುಗಳ ಸ್ಥಿತಿಗೆ ಇದು ಇನ್ನೊಂದು ದಾರಿ. ಮದ್ದು ಒಂದೇ: ವಿಮಾನ ಪಕ್ಕಕ್ಕೆ ಜಾರುತ್ತಿದೆಯೇ ಎಂದು ತೋರಿಸುವ ಮಾಪಕದ ಚೆಂಡು ನಡುವಿನಲ್ಲಿದೆಯೇ, ಏರ್‌ಸ್ಪೀಡ್ ಎಷ್ಟಿದೆ ಎಂದು ಒಳಗೆ ನೋಡಿ ನಂಬುವುದು, ನೆಲ ಸರಿಯುವುದನ್ನು ನಂಬದಿರುವುದು. ಆದರೆ ಕೆಳಗೆ ಹಾರುವವನು ಒಳಗೆ ನೋಡುತ್ತಿದ್ದರೆ ಅಷ್ಟು ಹೊತ್ತು ಹೊರಗೆ ನೋಡುತ್ತಿರುವುದಿಲ್ಲ. ಕೆಳಮಟ್ಟದ ಹಾರಾಟದ ಬಿಡಿಸಲಾಗದ ಗಂಟು ಇದು.

ಬೆರ್ರಿಯೆಸಾ ಬಗೆಯ ಅಪಘಾತಕ್ಕೆ ಬರೋಣ. ಎನ್‌ಟಿಎಸ್‌ಬಿ ಅಲ್ಲಿ ಹೇಳಿದ್ದು, ಸುತ್ತ ಕಡಿದಾಗಿ ಏರುವ ನೆಲವಿರುವ ಕಣಿವೆಯೊಳಕ್ಕೆ ತಪ್ಪಿ ಪ್ರವೇಶಿಸಿದ್ದು ಎಂದು. ಮೇಲಿನಿಂದ ನೋಡಿದರೆ ಸರೋವರದ ಯಾವ ಕೈ ಮುಂದಕ್ಕೆ ತೆರೆದುಕೊಳ್ಳುತ್ತದೆ, ಯಾವುದು ಕುರುಡು ಓಣಿ ಎಂದು ಒಂದು ನೋಟಕ್ಕೆ ತಿಳಿಯುತ್ತದೆ. ನೀರಿನ ಮಟ್ಟದಿಂದ ಎರಡೂ ಒಂದೇ ಥರ ಕಾಣುತ್ತವೆ, ಏಕೆಂದರೆ ಮುಂದಿನ ತಿರುವಿನಾಚೆಗೆ ಏನೂ ಕಾಣುವುದಿಲ್ಲ.

ಒಳಗೆ ಹೋದ ಮೇಲೆ ಎರಡು ಲೆಕ್ಕ. ಒಂದು, ಮೇಲೇರಿ ದಾಟಬಹುದೇ? ನಿಮಿಷಕ್ಕೆ 700 ಅಡಿ ಏರುವ ವಿಮಾನ 70 ನಾಟ್‌ನಲ್ಲಿ ಹೋಗುತ್ತಿದ್ದರೆ, ಪ್ರತಿ 100 ಮೀಟರ್ ಮುಂದಕ್ಕೆ ಹೋದಾಗ 10 ಮೀಟರ್ ಮೇಲೇರುತ್ತದೆ. ಬೈಕ್‌ನಲ್ಲಿ ಎರಡನೇ ಗೇರ್‌ಗೆ ಇಳಿಸುವಂಥ ಏರು ರಸ್ತೆಯ ಇಳಿಜಾರು ಅಷ್ಟೇ. ಸಾಧಾರಣ ಬೆಟ್ಟವೂ ಇದಕ್ಕಿಂತ ಕಡಿದಾಗಿರುತ್ತದೆ. ಬಿಸಿಲಿನ ದಿನ, ಎತ್ತರದ ಪ್ರದೇಶ, ಇಬ್ಬರ ಭಾರ, ಹಿಂಗಾಳಿ, ಬೆಟ್ಟದ ಮರೆಯಲ್ಲಿ ಕೆಳಕ್ಕೆ ಹರಿಯುವ ಗಾಳಿ, ಇವುಗಳಲ್ಲಿ ಎರಡು ಸೇರಿದರೆ ಆ 10 ಮೀಟರ್ 5 ಆಗುತ್ತದೆ.

ಎರಡು, ತಿರುಗಬಹುದೇ? ತಿರುವಿನ ಅಗಲ ವೇಗದ ವರ್ಗದಂತೆ ಬೆಳೆಯುತ್ತದೆ. 90 ನಾಟ್‌ನಲ್ಲಿ 30 ಡಿಗ್ರಿ ವಾಲಿಸಿ ಹಿಂದಕ್ಕೆ ತಿರುಗಲು ಸುಮಾರು 750 ಮೀಟರ್ ಅಗಲ ಬೇಕು. 60 ನಾಟ್‌ಗೆ ಇಳಿಸಿ 30 ಡಿಗ್ರಿಯಲ್ಲಿ ತಿರುಗಿದರೆ 340 ಮೀಟರ್. 60 ನಾಟ್, 45 ಡಿಗ್ರಿ ಆದರೆ 195 ಮೀಟರ್. ಆದ್ದರಿಂದ ಕಣಿವೆಯಲ್ಲಿ ಸಿಕ್ಕಿಕೊಂಡವನು ಮೊದಲು ವೇಗ ಇಳಿಸಬೇಕು, ರೆಕ್ಕೆಯ ಹಿಂಭಾಗದಲ್ಲಿ ಕೆಳಗಿಳಿಯುವ ಪಟ್ಟಿಯಾದ ಫ್ಲ್ಯಾಪ್ ಒಂದು ಹಂತ ಹಾಕಿ ಸ್ಟಾಲ್ ವೇಗವನ್ನೂ ಇಳಿಸಬೇಕು, ಪೂರ್ತಿ ಪವರ್ ಕೊಟ್ಟು ಆಮೇಲೆ ತಿರುಗಬೇಕು. ಹೆದರಿದ ಕೈ ಮಾಡುವುದು ಇದಕ್ಕೆ ತದ್ವಿರುದ್ಧ: ಪವರ್ ಕೊಟ್ಟು, ವೇಗ ಹಾಗೇ ಇರುವಾಗ ಅಗಲವಾಗಿ ತಿರುಗತೊಡಗಿ, ಗೋಡೆ ಹತ್ತಿರವಾಗುತ್ತಿದ್ದಂತೆ ಎಳೆದು ಬಿಗಿಯಾಗಿಸುವುದು.

60 ನಾಟ್, 45 ಡಿಗ್ರಿಯ ಆ ತಿರುವಿಗೆ ಸುಮಾರು 10 ಸೆಕೆಂಡ್ ಹಿಡಿಯುತ್ತದೆ. ಅಷ್ಟರಲ್ಲಿ 15 ನಾಟ್ ಗಾಳಿ ವಿಮಾನವನ್ನು 75 ಮೀಟರ್ ತಳ್ಳಿಬಿಡುತ್ತದೆ. ಅದಕ್ಕೇ ಕಣಿವೆಯ ನಡುವೆ ಹಾರಬಾರದು ಎನ್ನುವುದು. ನಡುವೆ ಇದ್ದರೆ ತಿರುಗಲು ಅರ್ಧ ಅಗಲ ಮಾತ್ರ ಸಿಗುತ್ತದೆ. ಗಾಳಿ ಬಡಿದು ಮೇಲೇರುವ ಪಕ್ಕಕ್ಕೆ ಅಂಟಿಕೊಂಡು ಹೋದರೆ ಪೂರ್ತಿ ಅಗಲವೂ ಸಿಗುತ್ತದೆ, ತಿರುಗುವುದು ಗಾಳಿಗೆ ಎದುರಾಗಿಯೇ ಆದ್ದರಿಂದ ತಿರುವೂ ಕಿರಿದಾಗುತ್ತದೆ, ಮೇಲೆತ್ತುವ ಗಾಳಿಯೂ ಸಿಗುತ್ತದೆ. ಕಣಿವೆಯನ್ನು ಮೇಲಿನ ತುದಿಯಿಂದ ಹೊಕ್ಕು ಇಳಿಜಾರಿನ ಜೊತೆ ಕೆಳಕ್ಕೆ ಹಾರಿದರೆ ಈ ಲೆಕ್ಕಗಳೇ ಬೇಡ.

ತಂತಿಗಳ ವಿಷಯ ಬೇರೆ, ಮತ್ತು ಇನ್ನೂ ಕ್ರೂರ. ಎದುರಿನಿಂದ ಬರುವ ಇನ್ನೊಂದು ವಿಮಾನವನ್ನು ಕಂಡು, ಗುರುತಿಸಿ, ನಿರ್ಧರಿಸಿ, ತಪ್ಪಿಸಿಕೊಳ್ಳಲು ಒಟ್ಟು 12.5 ಸೆಕೆಂಡ್ ಬೇಕೆಂದು ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಲೆಕ್ಕ ಹಾಕಿದೆ. 90 ನಾಟ್‌ನಲ್ಲಿ ಅಷ್ಟು ಹೊತ್ತಿಗೆ ವಿಮಾನ ಸುಮಾರು 580 ಮೀಟರ್ ಸಾಗಿರುತ್ತದೆ. 580 ಮೀಟರ್ ದೂರದಿಂದ ಹೆಬ್ಬೆರಳು ಗಾತ್ರದ ತಂತಿ, ಹಿಂದೆ ಮರಗಳಿರುವಾಗ, ಯಾರ ಕಣ್ಣಿಗೂ ಕಾಣುವುದಿಲ್ಲ. ಆದ್ದರಿಂದ ಕೆಳಗೆ ಹಾರಲು ಕಲಿತವರು ತಂತಿ ಹುಡುಕುವುದಿಲ್ಲ, ಕಂಬ ಹುಡುಕುತ್ತಾರೆ. ಕಂಬದ ಅಡ್ಡಪಟ್ಟಿ ಯಾವ ದಿಕ್ಕಿಗಿದೆ ನೋಡಿದರೆ ತಂತಿ ಅದಕ್ಕೆ ಅಡ್ಡವಾಗಿ ಹೋಗುತ್ತದೆಂದು ತಿಳಿಯುತ್ತದೆ. ಕಾಡಿನ ನಡುವೆ ನೇರವಾಗಿ ಬೋಳಿಸಿದ ಪಟ್ಟಿ, ಒಂಟಿ ಮನೆ, ಪಂಪ್‌ಸೆಟ್, ಇವೆಲ್ಲ ತಂತಿಯ ಸುಳಿವು. ಲೈನ್ ದಾಟಬೇಕಾದರೆ ಕಂಬದ ನೆತ್ತಿಯ ಮೇಲಿನಿಂದಲೇ ದಾಟಬೇಕು, ಏಕೆಂದರೆ ಎತ್ತರ ಖಚಿತವಾಗಿ ಗೊತ್ತಿರುವುದು ಅಲ್ಲಿ ಮಾತ್ರ. ದೊಡ್ಡ ಟವರ್‌ಗಳ ತುತ್ತತುದಿಯಲ್ಲಿ ಸಿಡಿಲು ತಡೆಯಲು ಹಾಕಿದ ತೆಳು ತಂತಿಯೊಂದು ಇರುತ್ತದೆ. ದಪ್ಪ ತಂತಿಗಳನ್ನು ಕಂಡು ಅವುಗಳ ಮೇಲೆ ದಾಟಿದೆನೆಂದುಕೊಂಡವನು ಬಡಿಯುವುದು ಅದಕ್ಕೆ. ನದಿ, ಕಣಿವೆಗಳ ಮೇಲೆ ದಡದಿಂದ ದಡಕ್ಕೆ ಎಳೆದ ತಂತಿಯ ಕಂಬಗಳು ಮರದ ಮರೆಯಲ್ಲಿದ್ದು, ನೀರಿನ ಮೇಲೆ ಏನೂ ಇಲ್ಲದಂತೆ ತೋರುತ್ತದೆ. ಪ್ರಸಾರ ಗೋಪುರಗಳನ್ನು ಬಿಗಿದು ನಿಲ್ಲಿಸುವ ಎಳೆತಂತಿಗಳು ಅಡ್ಡಕ್ಕೆ 1,500 ಅಡಿಯವರೆಗೂ ಚಾಚಿರಬಹುದು, ಆ ಗೋಪುರಗಳಿಂದ ಕನಿಷ್ಠ 2,000 ಅಡಿ ದೂರವಿರಿ ಎನ್ನುತ್ತದೆ ಎಫ್‌ಎಎ ಕೈಪಿಡಿ. ತಂತಿಗೆ ಬಡಿದವರಲ್ಲಿ ಬಹಳ ಮಂದಿಗೆ ಆ ತಂತಿ ಅಲ್ಲಿದೆ ಎಂದು ಮೊದಲೇ ಗೊತ್ತಿತ್ತು ಎಂಬುದನ್ನು ಆಸ್ಟ್ರೇಲಿಯಾದ ತನಿಖಾ ಸಂಸ್ಥೆ ಎಟಿಎಸ್‌ಬಿ ಮತ್ತೆ ಮತ್ತೆ ತೋರಿಸಿದೆ. ಗೊತ್ತಿದ್ದದ್ದು ಆ ಕ್ಷಣ ನೆನಪಿನಲ್ಲಿರಲಿಲ್ಲ, ಅಷ್ಟೆ.

ನೀರಿನ ಮೇಲೆ ತಂತಿ ಕಡಿಮೆ, ಹಾಗಾಗಿ ಅಲ್ಲಿ ಕ್ಷೇಮ ಅನಿಸುತ್ತದೆ. ಕನ್ನಡಿಯಂತೆ ನಿಶ್ಚಲವಾದ ನೀರಿನ ಮೇಲೆ ಎತ್ತರ ಅಂದಾಜಿಸಲು ಕಣ್ಣಿಗೆ ಏನೂ ಸಿಗುವುದಿಲ್ಲ. 10 ಅಡಿಯೂ 50 ಅಡಿಯೂ ಒಂದೇ. ಸೀಪ್ಲೇನ್ ಪೈಲಟ್‌ಗಳು ಇಂಥ ನೀರಿಗೆ ಇಳಿಯುವಾಗ ಕಣ್ಣನ್ನೇ ನೆಚ್ಚದೆ, ದಡದ ಪಕ್ಕದಲ್ಲಿ ಮೂಗು ಸ್ವಲ್ಪ ಮೇಲಿಟ್ಟು, ನಿಮಿಷಕ್ಕೆ 150 ಅಡಿಗೆ ಮೀರದಂತೆ ಇಳಿಯುವ ಪವರ್ ಕೊಟ್ಟು, ನೀರು ತಾನಾಗಿ ತಾಗುವವರೆಗೆ ಕಾಯುತ್ತಾರೆ. ಅಂಥ ನೀರಿನ ಮೇಲೆ 10 ಅಡಿಯಲ್ಲಿ ತಿರುಗಿದರೆ, ತಗ್ಗಿದ ರೆಕ್ಕೆಯ ತುದಿ ನೀರಿಗೆ ಸಿಕ್ಕಿಕೊಳ್ಳುತ್ತದೆ. 10 ಮೀಟರ್ ರೆಕ್ಕೆಯ ವಿಮಾನ 45 ಡಿಗ್ರಿ ವಾಲಿದಾಗ ಒಂದು ತುದಿ ಒಡಲಿಗಿಂತ 3.5 ಮೀಟರ್, ಅಂದರೆ ಹನ್ನೊಂದೂವರೆ ಅಡಿ ಕೆಳಗಿರುತ್ತದೆ.

ಕಾನೂನು ಇಲ್ಲಿ ಹೆಚ್ಚು ಸಹಾಯಕ್ಕೆ ಬರುವುದಿಲ್ಲ. ಅಮೆರಿಕದಲ್ಲಿ ಜನವಸತಿಯ ಮೇಲೆ, ಸುತ್ತ 2,000 ಅಡಿಯೊಳಗಿನ ಅತಿ ಎತ್ತರದ ವಸ್ತುವಿಗಿಂತ 1,000 ಅಡಿ ಮೇಲಿರಬೇಕು, ಉಳಿದೆಡೆ 500 ಅಡಿ. ತೆರೆದ ನೀರಿನ ಮೇಲೆ, ವಿರಳ ವಸತಿಯ ಕಡೆ, ಜನ, ದೋಣಿ, ವಾಹನ, ಕಟ್ಟಡದಿಂದ 500 ಅಡಿ ದೂರವಿದ್ದರೆ ಸಾಕು. ಅಂದರೆ ಖಾಲಿ ಸಮುದ್ರದ ಮೇಲೆ 5 ಅಡಿಯಲ್ಲಿ ಹೋದರೂ ಆ ಒಂದು ನಿಯಮ ಮುರಿದಂತಲ್ಲ. ಆ ನಿಯಮ ಕೆಳಗಿರುವವರನ್ನು ಕಾಯಲು ಬರೆದದ್ದು. ಪೈಲಟ್‌ನ ಎತ್ತರವನ್ನು ಪೈಲಟ್‌ನೇ ಗೊತ್ತುಮಾಡಿಕೊಳ್ಳಬೇಕು.

ಇಂಜಿನ್ ನಿಂತರೆ? ಸೆಸ್ನಾ 172ರಂಥ ವಿಮಾನ ಇಂಜಿನ್ ಇಲ್ಲದೆ 65 ನಾಟ್‌ನಲ್ಲಿ ಜಾರುವಾಗ ಸುಮಾರು 9 ಅಡಿ ಮುಂದಕ್ಕೆ 1 ಅಡಿ ಇಳಿಯುತ್ತದೆ. 500 ಅಡಿಯಿಂದ ನೆಲಕ್ಕೆ 41 ಸೆಕೆಂಡ್, 200 ಅಡಿಯಿಂದ 16, 100 ಅಡಿಯಿಂದ 8. ಏನಾಯಿತೆಂದು ಅರ್ಥವಾಗುವುದಕ್ಕೇ ಮೂರು ನಾಲ್ಕು ಸೆಕೆಂಡ್ ಹೋಗುತ್ತವೆ, ಉಳಿದದ್ದು ಮೂಗು ತಗ್ಗಿಸಿ ವೇಗ ಉಳಿಸಿಕೊಳ್ಳಲು, ಮುಂದೆ ಎಡಕ್ಕೆ ಬಲಕ್ಕೆ 30 ಡಿಗ್ರಿಯೊಳಗೆ ಸಿಕ್ಕ ಜಾಗ ಹಿಡಿಯಲು. ಕೆಳಗಿದ್ದರೂ ವೇಗ ಇದ್ದವನು ಇಲ್ಲಿ ಮೇಲು. 90 ನಾಟ್‌ನಿಂದ 65ಕ್ಕೆ ಇಳಿಯುವಷ್ಟರಲ್ಲಿ ಲೆಕ್ಕದ ಪ್ರಕಾರ 170 ಅಡಿ, ನಿಜದಲ್ಲಿ ಅದಕ್ಕಿಂತ ಕಡಿಮೆ, ಎತ್ತರ ಗಳಿಸಬಹುದು. ಅದನ್ನು ನೇರವಾಗಿ ಏರಿ ಗಳಿಸಬೇಕು, ತಿರುಗುತ್ತ ಅಲ್ಲ. 55 ನಾಟ್‌ನಲ್ಲಿ ಮೂಗೆತ್ತಿ ನಿಧಾನ ಹೋಗುತ್ತಿದ್ದವನಿಗೆ ಈ ಉಳಿತಾಯವೇ ಇರುವುದಿಲ್ಲ.

ನಿಲ್ಲುವುದಕ್ಕೆ ಕಾರಣಗಳು ಹೆಚ್ಚಾಗಿ ಸಣ್ಣವು. ಒಂದು ಟ್ಯಾಂಕ್ ಖಾಲಿಯಾಗಿ ಇನ್ನೊಂದರಲ್ಲಿ ತುಂಬಾ ಇಂಧನ ಇರುವುದು ಒಂದು. ಕೆಳಗೆ ಇಳಿಯುವ ಮೊದಲೇ ತುಂಬಿದ ಟ್ಯಾಂಕ್‌ಗೆ ಬದಲಿಸಿ, ಪಂಪ್ ಹಾಕಿ, ಒಂದು ನಿಮಿಷ ಇಂಜಿನ್ ಕೇಳಿಸಿಕೊಳ್ಳಬೇಕು. ಗಾಳಿಗೆ ಇಂಧನ ಬೆರೆಸುವ ಕಾರ್ಬುರೇಟರ್ ಇರುವ ಇಂಜಿನ್ ಆದರೆ ಅದರ ಕೊರಳಲ್ಲಿ ಹಿಮ ಕಟ್ಟುವುದು ಇನ್ನೊಂದು. 21 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ, ತೇವಾಂಶ ಶೇ 80 ದಾಟಿದಾಗ ಇದರ ಸಾಧ್ಯತೆ ಹೆಚ್ಚು. 38 ಡಿಗ್ರಿಯಲ್ಲೂ ಆಗಬಹುದು. ನೀರಿನ ಮೇಲೆ, ಅರ್ಧ ಥ್ರಾಟಲ್‌ನಲ್ಲಿ ಸುತ್ತಾಡುವುದು ಅದಕ್ಕೆ ಹೇಳಿ ಮಾಡಿಸಿದ ಸ್ಥಿತಿ. ಆರ್‌ಪಿಎಂ ಮೆಲ್ಲಗೆ 50, 100 ಇಳಿಯುತ್ತದೆ. ಕಾರ್ಬುರೇಟರ್‌ಗೆ ಬಿಸಿಗಾಳಿ ಕೊಡುವ ಕಾರ್ಬ್ ಹೀಟ್ ಹಿಡಿಕೆಯನ್ನು ಪೂರ್ತಿ ಎಳೆದರೆ ಕರಗಿದ ನೀರು ಒಳಹೋಗಿ ಇಂಜಿನ್ ಮೊದಲು ಇನ್ನೂ ಕೆಮ್ಮುತ್ತದೆ. ಹೆದರಿ ಅದನ್ನು ಒಳಕ್ಕೆ ತಳ್ಳಿಬಿಟ್ಟವರಿದ್ದಾರೆ. ಹಿಡಿದಿರಬೇಕು.

ಬೀಳುವುದು ಖಚಿತವಾದ ಮೇಲೂ ಮಾಡುವುದೊಂದಿದೆ, ಅದು ಕೊನೆಯವರೆಗೂ ಹಾರಿಸುವುದು. 9 ಜಿ, ಅಂದರೆ ಗುರುತ್ವದ ಒಂಬತ್ತು ಪಟ್ಟು ಭಾರವನ್ನು, ಬಿಗಿದ ಬೆಲ್ಟ್‌ನೊಳಗೆ, ಮನುಷ್ಯ ತಡೆಯಬಲ್ಲ. ಗಂಟೆಗೆ 80 ಕಿ.ಮೀ. ವೇಗದಿಂದ ಆ ಭಾರ ಮೀರದಂತೆ ನಿಲ್ಲಲು ಬೇಕಾಗುವ ದೂರ 3 ಮೀಟರ್‌ಗೂ ಕಡಿಮೆ. ವೇಗ ಎರಡು ಪಟ್ಟಾದರೆ ದೂರ ನಾಲ್ಕು ಪಟ್ಟು, 11 ಮೀಟರ್. ಪೊದೆ, ಬೆಳೆ, ಬೇಲಿ, ಮುರಿಯುವ ರೆಕ್ಕೆ, ಎಲ್ಲವೂ ಆ 3 ಮೀಟರ್ ಕೊಡಬಲ್ಲವು. ಮೂಗು ಕೆಳಗಾಗಿ ಬಿದ್ದ ವಿಮಾನಕ್ಕೆ ಯಾವುದೂ ಕೊಡುವುದಿಲ್ಲ. ಹಾಗಾಗಿ ಕೆಟ್ಟ ಜಾಗಕ್ಕೆ ರೆಕ್ಕೆ ಮಟ್ಟವಾಗಿಟ್ಟುಕೊಂಡು, ಸ್ಟಾಲ್‌ಗಿಂತ ಸ್ವಲ್ಪವೇ ಹೆಚ್ಚು ವೇಗದಲ್ಲಿ ಇಳಿದವರು ಬದುಕುತ್ತಾರೆ. ಒಳ್ಳೆಯ ಜಾಗಕ್ಕೆ ಹೇಗಾದರೂ ತಲುಪಲು ಎಳೆದು ಸ್ಟಾಲ್ ಮಾಡಿಕೊಂಡವರು ಬದುಕುವುದು ಅಪರೂಪ. ನೀರಿಗಾದರೆ, ಬಡಿಯುವ ಮೊದಲೇ ಬಾಗಿಲ ಚಿಲಕ ತೆಗೆದಿಡಬೇಕು, ಲೈಫ್ ಜಾಕೆಟ್ ಹೊರಬಂದ ಮೇಲೆಯೇ ಊದಿಸಬೇಕು. ಒಳಗೇ ಊದಿಸಿದರೆ ಅದು ಮುಳುಗುವ ಕ್ಯಾಬಿನ್ನಿನ ಮಾಡಿಗೆ ಒತ್ತಿ ಹಿಡಿದುಬಿಡುತ್ತದೆ.

ಪ್ಯಾರಾಶೂಟ್ ಬಗ್ಗೆಯೂ ಸಂಖ್ಯೆಯಲ್ಲೇ ಹೇಳುತ್ತೇನೆ. ಸಿರಸ್ ಎಸ್‌ಆರ್22ರ ಹಳೆಯ ಮಾದರಿಗಳಲ್ಲಿ ನೇರ ಹಾರಾಟದಿಂದ ಪ್ಯಾರಾಶೂಟ್ ಎಳೆದರೆ ಸುಮಾರು 400 ಅಡಿ ಕಳೆಯುತ್ತದೆ, ಸ್ಪಿನ್‌ನ ಒಂದು ಸುತ್ತಿನ ನಂತರ ಎಳೆದರೆ 920 ಅಡಿ. 200 ಅಡಿಯಲ್ಲಿ ಅದರ ಹಿಡಿಕೆ ಇದ್ದೂ ಇಲ್ಲದಂತೆ.

ಇಷ್ಟಾದರೂ ಕೆಳಗೆ ಹಾರುವ ಸುಖ ಸುಳ್ಳಲ್ಲ, ಹಾರಬೇಡಿ ಎಂದು ನಾನು ಹೇಳುವುದಿಲ್ಲ. ಹಾರುವ ಮೊದಲು ನೆಲದ ಮೇಲೆ ನಿಂತು ಒಂದು ಸಂಖ್ಯೆ ಗೊತ್ತುಮಾಡಿಕೊಳ್ಳಿ. 500 ಅಡಿ ಎಂದರೆ 500, ಯಾರು ನೋಡುತ್ತಿದ್ದರೂ. ಮೊದಲ ಸುತ್ತು 1,000 ಅಡಿಯಲ್ಲಿ: ತಂತಿ, ಕಂಬ, ಗಾಳಿಯ ದಿಕ್ಕು, ಹೊರಬರುವ ದಾರಿ, ಇಂಜಿನ್ ನಿಂತರೆ ಇಳಿಯುವ ಜಾಗ ನೋಡಿಕೊಳ್ಳಲು. ಆಮೇಲೆ ಇಳಿದಾಗ ವಾಲು 30 ಡಿಗ್ರಿಗೆ ಮೀರದಿರಲಿ. ಸ್ಟಾಲ್ ವೇಗದ ಒಂದೂವರೆ ಪಟ್ಟಿಗಿಂತ ವೇಗ ಕಡಿಮೆಯಾಗದಿರಲಿ, 45ಕ್ಕೆ ಸ್ಟಾಲ್ ಆಗುವ ವಿಮಾನಕ್ಕೆ ಅದು 68. ಏರಿ ತಿರುಗುವ ಆಟ ಬೇಕೆನಿಸಿದರೆ 3,000 ಅಡಿಗೆ ಹೋಗಿ, ಪಕ್ಕದಲ್ಲಿ ತರಬೇತುದಾರರನ್ನು ಕೂರಿಸಿಕೊಂಡು, ಆ ತಿರುವಿನ ತುದಿಯಲ್ಲಿ ಬೇಕೆಂದೇ ಎಳೆದು ಸ್ಟಾಲ್ ಮಾಡಿ, ಎತ್ತರ ತೋರಿಸುವ ಅಲ್ಟಿಮೀಟರ್ ಎಷ್ಟು ಇಳಿಯಿತೆಂದು ಬರೆದಿಟ್ಟುಕೊಳ್ಳಿ. ತಲೆ ತಿರುಗಿಸುವ, ನಿದ್ದೆ ತರಿಸುವ ಯಾವ ಔಷಧ ತೆಗೆದುಕೊಂಡಿದ್ದರೂ ಆ ದಿನ ಹಾರಬೇಡಿ.

ಕೊನೆಯದಾಗಿ ಟ್ರಿಮ್, ಅಂದರೆ ಕೈ ಬಿಟ್ಟಾಗ ಮೂಗು ಎಲ್ಲಿ ನಿಲ್ಲಬೇಕೆಂದು ಹೊಂದಿಸುವ ಚಕ್ರ. ಕೆಳಗೆ ಇಳಿಯುವ ಮೊದಲು ಟ್ರಿಮ್ ಚಕ್ರವನ್ನು ಮೂಗು ಮೇಲಿನ ಕಡೆಗೆ ಒಂದು ಚೂರು ತಿರುಗಿಸಿ, ಮಟ್ಟವಾಗಿ ಹೋಗಲು ಸ್ಟಿಕ್ ಅನ್ನು ಬೆರಳಿನಿಂದ ಸದಾ ಸ್ವಲ್ಪ ಮುಂದಕ್ಕೆ ಒತ್ತಿರಬೇಕಾಗುವಂತೆ. ಪಕ್ಕದವರು ಏನನ್ನೋ ತೋರಿಸಿ, ನೀವು ಅತ್ತ ತಿರುಗಿ, ಕೈ ಸಡಿಲವಾದರೆ ವಿಮಾನ ತಾನಾಗಿ ಮೇಲೇರುತ್ತದೆ.